ಗೇಣಿದಾರರಿಗೆ ಪಹಣಿ ಕೊಡಿಸಿದ ದೇವರಾಜ ಅರಸು



ಸಂಘದಲ್ಲಿ ಬೆಳೆ ಸಾಲ ಬೇಕೆಂದರೆ ಕಾರ್ಯದರ್ಶಿಗಳು ಮೊದಲು ಕೇಳುವುದು ಪಹಣಿ. ಗೇಣಿಗೆ ಉಳುತ್ತಿದ್ದ ನಮ್ಮ ಅಜ್ಜಂದಿರ ಕೈಯಲ್ಲಿ ನೇಗಿಲಿತ್ತು, ಪಹಣಿ ಮಾತ್ರ ಧಣಿಗಳ ಹೆಸರಲ್ಲಿತ್ತು. ಅದನ್ನು ಬದಲಾಯಿಸಿದವರು ಶ್ರೀ ದೇವರಾಜ ಅರಸು.

ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯವರು, ಮೈಸೂರು ಅರಮನೆಯ ನಂಟಿದ್ದ ಮನೆತನ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿಯೂ ಊರಿಗೆ ಬಂದು ಬೇಸಾಯಕ್ಕೆ ನಿಂತರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ವಿಧಾನಸಭೆಗೆ ಆಯ್ಕೆಯಾದರು. 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು ಅವರ ಕಾಲದಲ್ಲೇ.

ನಮ್ಮ ಮನೆಗಳಲ್ಲಿ ನೆನಪಿರುವ ತಾರೀಖು ಬೇರೆ, 1974ರ ಮಾರ್ಚ್ 1. ಅಂದಿಗೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂನ್ಯಾಯಮಂಡಳಿ ವಿಚಾರಣೆ ಮಾಡುತ್ತಿತ್ತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕಿತ್ತು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಧಣಿಯ ಎದುರು ತಲೆ ಎತ್ತದವರು ಅವರ ಪಕ್ಕದಲ್ಲೇ ನಿಂತು, ಈ ಗದ್ದೆ ಉಳ್ತಿರೋನು ನಾನೇ ಸ್ವಾಮಿ ಅನ್ನಬೇಕಿತ್ತು. ಸಣ್ಣ ಮಾತಲ್ಲ ಅದು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದವು. ನಮ್ಮ ಅಜ್ಜನಿಗೆ ಸಿಕ್ಕ ಆದೇಶದ ನಕಲು ಈಗಲೂ ಟ್ರಂಕಿನಲ್ಲಿದೆ.

ಎಲ್ಲರಿಗೂ ಸಿಗಲಿಲ್ಲ. ಬಾಯಿಮಾತಿನ ಗೇಣಿಗೆ ರಸೀದಿ ಎಲ್ಲಿಂದ ತರೋದು? ದಾಕ್ಷಿಣ್ಯಕ್ಕೋ ಹೆದರಿಕೆಗೋ ಅರ್ಜಿಯನ್ನೇ ಹಾಕದವರೂ ಇದ್ದರು. ಕೂಲಿಯವರ ಪಾಲಿಗೆ ಬಂದದ್ದು ಕಡಿಮೆ. ಕೆಲವು ಕಡೆ ಅದೇ ಗೇಣಿ ನಂಬಿದ್ದ ಬಡ ವಿಧವೆಯರ ಜಮೀನೂ ಹೋಯಿತು. ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಸಾಲ ಪರಿಹಾರದ ಕಾನೂನು ತಂದು ಬಡವರ ಕೈಸಾಲವನ್ನೂ ಅರಸು ತೀರಿಸಿದರು. ಆಮೇಲೆ ಸಾಹುಕಾರರು ಕೈ ಬಿಗಿ ಮಾಡಿದರು. ಭೂಮಿ ಬಂತು, ಬೀಜ ಗೊಬ್ಬರಕ್ಕೆ ದುಡ್ಡಿಲ್ಲ. ಆಗ ಹೊಸ ಪಹಣಿ ಹಿಡಿದು ಹೋಗಲು ಇದ್ದದ್ದು ಸಹಕಾರ ಸಂಘ, ಬ್ಯಾಂಕು ಎರಡೇ. ನಿರ್ದೇಶಕರಾಗಿ ಸಾಲದ ಅರ್ಜಿ ನೋಡುವಾಗಲೆಲ್ಲ ನಮಗೆ ಇದು ನೆನಪಾಗುತ್ತದೆ.

1979ರಲ್ಲಿ ಇಂದಿರಾ ಗಾಂಧಿಯವರಿಂದ ದೂರವಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ರಾಜ್ಯದಲ್ಲಿ ಒಂದು ಸ್ಥಾನವೂ ಬರಲಿಲ್ಲ, ಅಧಿಕಾರ ಬಿಟ್ಟರು. ಭೂಮಿ ಪಡೆದ ನಮ್ಮ ಮನೆಯವರೇ ಆ ಸಲ ಅವರಿಗೆ ಓಟು ಹಾಕಲಿಲ್ಲವಂತೆ. 1982ರ ಜೂನ್ 6ರಂದು ಅರಸು ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದಾಗ ಅಜ್ಜ ಆ ದಿನ ಗದ್ದೆಗೆ ಇಳಿಯಲಿಲ್ಲ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು.