ರೋಗಿಯ ಮಂಚದ ಬಳಿ ನಮ್ಮ ಮಾತು: ಫ್ಲಾರೆನ್ಸ್ ನೈಟಿಂಗೇಲ್ ಕಲಿಸಿದ ಪಾಠ

ಮುಗಳಖೋಡ, ರಾಯಬಾಗ, ಅಥಣಿಯ ಕಡೆ ಯಾರಾದರೂ ಮಿರಜ ಇಲ್ಲವೆ ಬೆಳಗಾವಿಯ ದವಾಖಾನೆಯಿಂದ ಮನೆಗೆ ಮರಳಿದರೆ ಓಣಿಯವರೆಲ್ಲ ನೋಡಲು ಹೋಗುವುದು ವಾಡಿಕೆ. ಅದು ಪ್ರೀತಿಯ ರೂಢಿ. ರೋಗಿಗಳನ್ನು ಸಂದರ್ಶಿಸುವುದು ಧರ್ಮಸಭೆ ನಮಗೆ ಕಲಿಸಿರುವ ಕರುಣಾಕಾರ್ಯಗಳಲ್ಲಿಯೂ ಒಂದು. ಆದರೆ ಮಂಚದ ಪಕ್ಕದಲ್ಲಿ ಕುಳಿತು ನಾವು ಆಡುವ ಮಾತು ರೋಗಿಗೆ ಮದ್ದಾಗುತ್ತದೆಯೋ ಹೊರೆಯಾಗುತ್ತದೆಯೋ ಎಂದು ನಾವು ಯೋಚಿಸುವುದು ಅಪರೂಪ. ಈ ವಿಷಯವನ್ನು ನೂರ ಅರವತ್ತು ವರ್ಷಗಳ ಹಿಂದೆಯೇ ಕೂಲಂಕಷವಾಗಿ ಚಿಂತಿಸಿ ಬರೆದಿಟ್ಟವರು ಫ್ಲಾರೆನ್ಸ್ ನೈಟಿಂಗೇಲ್. ಅವರ ಜನ್ಮದಿನವಾದ ಮೇ 12ನ್ನು ಜಗತ್ತು ದಾದಿಯರ ದಿನವೆಂದು ಆಚರಿಸುತ್ತದೆ.

ನೈಟಿಂಗೇಲ್ ಅವರು 1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಇಂಗ್ಲಿಷ್ ದಂಪತಿಗಳ ಮಗಳಾಗಿ ಜನಿಸಿದರು. ಆ ನಗರದ ಹೆಸರನ್ನೇ ಅವರಿಗೆ ಇಡಲಾಯಿತು. 1837ರಲ್ಲಿ, ಹದಿನಾರರ ಹರೆಯದಲ್ಲಿ, ದೇವರು ತಮ್ಮನ್ನು ಸೇವೆಗೆ ಕರೆದನೆಂಬ ಅನುಭವ ಅವರಿಗಾಯಿತು. ಆ ಸೇವೆ ರೋಗಿಗಳದೆಂದು ಮನಗಾಣಲು ಕೆಲವು ವರ್ಷ ಹಿಡಿಯಿತು. ಮನೆಯವರನ್ನು ಒಪ್ಪಿಸಲು ಇನ್ನೂ ಹಲವು ವರ್ಷ ಬೇಕಾಯಿತು. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಅವರು ಆಂಗ್ಲಿಕನ್ ಸಭೆಗೆ ಸೇರಿದವರಾದರೂ, 1848ರಲ್ಲಿ ರೋಮ್ ನಗರದ ಕನ್ಯಾಮಠವೊಂದರಲ್ಲಿ ಧ್ಯಾನಕೂಟಕ್ಕೆ ಕುಳಿತು ಬಂದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಸುಮಾರು ಮೂರು ತಿಂಗಳು ಶುಶ್ರೂಷೆಯ ತರಬೇತಿ ಪಡೆದರು.

ಕ್ರಿಮಿಯಾ ಯುದ್ಧ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು. 1854ರ ನವೆಂಬರ್ 4ರಂದು ಅವರು 38 ಮಂದಿ ದಾದಿಯರೊಡನೆ ಇಂದಿನ ಇಸ್ತಾಂಬುಲ್ ನಗರದ ಎದುರು ದಡದಲ್ಲಿರುವ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಿಳಿದರು. ಅವರಲ್ಲಿ ಹತ್ತು ಮಂದಿ ಕಥೋಲಿಕ ಧರ್ಮಭಗಿನಿಯರು. ಬರ್ಮಂಡ್ಸೆ ಕನ್ಯಾಮಠದ ಮದರ್ ಕ್ಲೇರ್ ಮೂರ್ ಅವರು ನೈಟಿಂಗೇಲ್ ಅವರಿಗೆ ಬಲಗೈಯಾಗಿ ನಿಂತರು. ಆ ಸ್ನೇಹ ಮದರ್ ಕ್ಲೇರ್ 1874ರಲ್ಲಿ ತೀರಿಕೊಳ್ಳುವವರೆಗೂ ಉಳಿಯಿತು. ರಾತ್ರಿ ದೀಪ ಹಿಡಿದು ಸೈನಿಕರ ನಡುವೆ ಸುತ್ತಿದ ನೈಟಿಂಗೇಲ್ ಅವರ ಚಿತ್ರವನ್ನು ನಾವೆಲ್ಲ ಬಲ್ಲೆವು. ಆದರೆ ದೀಪವೊಂದೇ ಜೀವ ಉಳಿಸಲಿಲ್ಲ. 1855ರ ಫೆಬ್ರವರಿಯಲ್ಲಿ ಅಲ್ಲಿನ ಸಾವಿನ ಪ್ರಮಾಣ ಶೇಕಡಾ 40ನ್ನು ಮೀರಿತ್ತು. ಕಟ್ಟಡದ ಕೆಳಗಿನ ಚರಂಡಿಗಳನ್ನು ಶುಚಿಗೊಳಿಸಿ, ಒಳಗೆ ಗಾಳಿಯಾಡುವಂತೆ ಮಾಡಿದ ಮೇಲೆ ಅದು ಕೆಲವೇ ತಿಂಗಳಲ್ಲಿ ಬಹಳ ಕೆಳಗಿಳಿಯಿತು. ಶುದ್ಧ ಗಾಳಿ, ಶುದ್ಧ ನೀರು, ಚರಂಡಿ, ಶುಚಿತ್ವ, ಬೆಳಕು: ಈ ಐದು ಅವರ ಶುಶ್ರೂಷೆಯ ಅಡಿಗಲ್ಲುಗಳಾದವು.

ಯುದ್ಧದಿಂದ ಮರಳಿದ ಅವರು 1857ರಲ್ಲಿ ತಾವೇ ಹಾಸಿಗೆ ಹಿಡಿದರು. ಮುಂದೆ ಹಲವು ದಶಕ ಬಹುಪಾಲು ಕೋಣೆಯಲ್ಲಿಯೇ ಕಳೆದರು. ರೋಗಿಯ ಮನಸ್ಸು ಅವರಿಗೆ ಒಳಗಿನಿಂದ ತಿಳಿದಿತ್ತು. ಅವರ ಶುಶ್ರೂಷೆಯ ಕೈಪಿಡಿ ಆ ಕೋಣೆಯಿಂದಲೇ ಹೊರಬಂದು 1860ರ ಆರಂಭದಲ್ಲಿ ಓದುಗರ ಕೈ ಸೇರಿತು. ಅದನ್ನು ಅವರು ಬರೆದದ್ದು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರಿಗಾಗಿ.

ರೋಗಿಯೊಡನೆ ಹೇಗೆ ಮಾತಾಡಬೇಕೆಂಬುದನ್ನು ಅವರು ಅದರಲ್ಲಿ ವಿವರವಾಗಿ ತಿಳಿಸಿದ್ದಾರೆ. ರೋಗಿ ಕತ್ತು ಹೊರಳಿಸದೆಯೇ ಕಾಣುವಂತೆ ಎದುರಿಗೆ ಕುಳಿತು ಮಾತಾಡಬೇಕು. ಬೆನ್ನ ಹಿಂದಿನಿಂದಾಗಲಿ ಬಾಗಿಲಲ್ಲಿ ನಿಂತಾಗಲಿ ಮಾತಾಡಬಾರದು. ಮಂಚಕ್ಕೆ ಒರಗಬಾರದು, ಅದನ್ನು ಅಲುಗಿಸಬಾರದು. ಬಾಗಿಲಾಚೆ ವೈದ್ಯರೊಡನೆ ಪಿಸುಗುಟ್ಟುವುದು ರೋಗಿಗೆ ಮಾಡುವ ಕ್ರೌರ್ಯ. ಆ ಪಿಸುಮಾತು ತನ್ನ ಕುರಿತೇ ಎಂದು ಆತ ಕಿವಿಗೊಟ್ಟು ದಣಿಯುತ್ತಾನೆ. ಹೊರಗೆ ಹೋಗುವಾಗ ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂದು ತಿಳಿಸಬೇಕು. ರಾತ್ರಿ ಚೆನ್ನಾಗಿ ಕಳೆಯಿತೇ ಎಂದು ಕೇಳಿದರೆ ಸತ್ಯ ತಿಳಿಯದು. ಎಷ್ಟು ಗಂಟೆ ನಿದ್ರೆ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕು.

ಅವರು ಹೆಚ್ಚು ಕಟುವಾಗಿ ಬರೆದದ್ದು ನೋಡಲು ಬರುವವರ ಬಗ್ಗೆ. ಏನೂ ಆಗಿಲ್ಲ, ಬೇಗ ಗುಣವಾಗುತ್ತದೆ ಎಂಬ ಹುಸಿ ಭರವಸೆಯಿಂದ ರೋಗಿಗೆ ನೆಮ್ಮದಿ ಸಿಗುವುದಿಲ್ಲವೆಂದು ಅವರು ಕಂಡಿದ್ದರು. ತನ್ನ ನೋವು ತನಗೆ ಗೊತ್ತಿದ್ದೂ ಆತ ಅದನ್ನು ಯಾರಿಗೂ ಹೇಳಲಾರದೆ ಒಂಟಿಯಾಗುತ್ತಾನೆ. ಬಂದವರೆಲ್ಲ ಒಬ್ಬೊಬ್ಬರು ಒಂದೊಂದು ಔಷಧಿ, ಒಂದೊಂದು ಪಥ್ಯ ಹೇಳಿ ಹೋದರೆ ಆತನ ದಣಿವು ಹೆಚ್ಚುತ್ತದೆ. ಅದರ ಬದಲು ಊರಿನ ಒಂದು ಒಳ್ಳೆಯ ಸುದ್ದಿ, ಒಂದು ಹೂವು, ಒಂದು ಹಸುಗೂಸಿನ ಮುಖ ಆತನನ್ನು ಹೆಚ್ಚು ಸಂತೈಸುತ್ತವೆ.

ಭಾರತವನ್ನು ಒಮ್ಮೆಯೂ ಕಾಣದ ಈ ಮಹಿಳೆ ಭಾರತಕ್ಕಾಗಿ ನಾಲ್ಕು ದಶಕ ದುಡಿದರು. ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ರಾಜ ಆಯೋಗದ ವರದಿ ಬಯಲಿಗೆಳೆಯಿತು. ಅದರ ಹಿಂದೆ ಅವರ ಶ್ರಮವಿತ್ತು. ಸೈನಿಕರಿಂದ ಅವರ ಗಮನ ಹಳ್ಳಿಗಳತ್ತ ಹರಿಯಿತು. ನಮ್ಮ ಬೆಳಗಾವಿ ಜಿಲ್ಲೆ ಸೇರಿದ್ದ ಅಂದಿನ ಮುಂಬಯಿ ಪ್ರಾಂತದ ಗ್ರಾಮನೈರ್ಮಲ್ಯದ ಬಗ್ಗೆಯೂ ಅವರು ಪತ್ರಗಳನ್ನು ಬರೆದರು. ಬರೀ ಕಾನೂನು, ಕಾಗದಗಳಿಂದ ಹಳ್ಳಿ ಶುಚಿಯಾಗದು. ಮನೆಮನೆಗೆ ಹೋಗಿ ಸ್ನೇಹದಿಂದ ಮಾತಾಡುವವರು ಬೇಕೆಂಬುದು ಅವರ ನಿಲುವಾಗಿತ್ತು. ಭಾರತದ ಹಳ್ಳಿಗಳ ನೈರ್ಮಲ್ಯ ಕುರಿತು ಅವರ ಪ್ರಬಂಧ ಬುಡಾಪೆಸ್ಟ್ ಸಮ್ಮೇಳನಕ್ಕೆ ಹೋದದ್ದು 1894ರಲ್ಲಿ. ನಮ್ಮ ಗಡಿಭಾಗದವರೂ ಚಿಕಿತ್ಸೆಗೆ ಹೋಗುತ್ತಿದ್ದ ಮಿರಜದ ಮಿಶನ್ ಆಸ್ಪತ್ರೆಯನ್ನು ಡಾ. ವಾನ್ಲೆಸ್ ತೆರೆದದ್ದೂ ಅದೇ ವರ್ಷ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನಿಧಿಯಿಂದ ಆರಂಭವಾದ ದಾದಿಯರ ಶಾಲೆ ಮುಂದೆ ಅನೇಕ ದೇಶಗಳ ಶಾಲೆಗಳಿಗೆ ಮಾದರಿಯಾಯಿತು. 1910ರ ಆಗಸ್ಟ್ 13ರಂದು, ತೊಂಬತ್ತರ ವಯಸ್ಸಿನಲ್ಲಿ, ಅವರು ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಗೌರವವನ್ನು ಅವರ ಇಚ್ಛೆಯಂತೆ ಮನೆಯವರು ನಿರಾಕರಿಸಿದರು. ಹಳ್ಳಿಯ ದೇವಾಲಯದ ಅಂಗಳದಲ್ಲಿರುವ ಅವರ ಸಮಾಧಿಯ ಮೇಲೆ ಹೆಸರಿನ ಮೊದಲಕ್ಷರಗಳು ಮತ್ತು ಹುಟ್ಟು ಸಾವಿನ ದಿನಾಂಕಗಳು ಮಾತ್ರ ಇವೆ.

ಶುಶ್ರೂಷೆ ದಾದಿಯರದಷ್ಟೇ ಕೆಲಸವಲ್ಲ. ಒಂದಿಲ್ಲೊಂದು ದಿನ ಅದು ಪ್ರತಿ ಮನೆಯ ತಾಯಿ, ಮಗಳು, ಮಗನ ಪಾಲಿಗೂ ಬರುತ್ತದೆ. ಮುಂದಿನ ಸಲ ರೋಗಿಯನ್ನು ಕಾಣಲು ಹೋದಾಗ ಹಣ್ಣಿನ ಚೀಲದೊಡನೆ ಸ್ವಲ್ಪ ಮೌನವನ್ನೂ ಒಯ್ಯೋಣ. ಎದುರಿಗೆ ಕುಳಿತು ಆತನಿಗೇ ಮಾತಾಡಲು ಬಿಡೋಣ. ಆತ ದಣಿಯುವ ಮೊದಲೇ ಏಳೋಣ.