ನೀರಿನ ಲೆಕ್ಕ ಬಲ್ಲ ಶಿಲ್ಪಿ: ಮಿಮಾರ್ ಸಿನಾನ್



ಸಿನಾನ್ ಎಂಬ ಹೆಸರು ಕೇಳಿದೊಡನೆ ಇಸ್ತಾಂಬುಲಿನ ಸುಲೈಮಾನಿಯಾ ಮಸೀದಿಯ ಗುಮ್ಮಟವೋ, ಎದಿರ್ನೆಯ ಸಲೀಮಿಯಾ ಮಸೀದಿಯ ನಾಲ್ಕು ಎತ್ತರದ ಮಿನಾರಗಳೋ ನಿಮ್ಮ ಕಣ್ಣ ಮುಂದೆ ಬಂದಿರಬಹುದು. ಪಠ್ಯಪುಸ್ತಕಗಳಲ್ಲಿ, ಕ್ಯಾಲೆಂಡರ್‌ಗಳಲ್ಲಿ ಆ ಚಿತ್ರಗಳನ್ನು ನಾವೆಲ್ಲ ನೋಡಿದವರೇ. ಆದರೆ ಇದೇ ವ್ಯಕ್ತಿ ಸುಮಾರು 50 ವರ್ಷಗಳ ಕಾಲ ಒಂದು ಮಹಾನಗರದ ಕಾಲುವೆ, ಚರಂಡಿ, ರಸ್ತೆ, ಸೇತುವೆಗಳ ಹೊಣೆಯನ್ನೂ ಹೊತ್ತಿದ್ದರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಈ ಲೇಖನದಲ್ಲಿ ಗುಮ್ಮಟಗಳನ್ನು ಸ್ವಲ್ಪ ಬದಿಗಿಟ್ಟು, ನೀರಿನೊಡನೆ ಅವರು ನಡೆಸಿದ ವ್ಯವಹಾರವನ್ನು ನಿಮ್ಮ ಮುಂದಿಡುತ್ತೇನೆ. ಇಂದು ಹವಾಮಾನ ಬದಲಾವಣೆಯ ಚರ್ಚೆ ನಗರಸಭೆಗಳ ಬಾಗಿಲಿಗೆ ಬಂದು ನಿಂತಿರುವಾಗ ಈ ಕಥೆಗೆ ಬೇರೆಯದೇ ಮಹತ್ವವಿದೆ.

ಸಿನಾನ್ ಜನಿಸಿದ್ದು ಸುಮಾರು 1490ರಲ್ಲಿ, ಅನಾಟೋಲಿಯಾದ ಕೈಸೇರಿ ನಗರದ ಸಮೀಪದ ಅಗಿರ್ನಾಸ್ ಎಂಬ ಹಳ್ಳಿಯಲ್ಲಿ, ಒಂದು ಕ್ರೈಸ್ತ ಕುಟುಂಬದಲ್ಲಿ. ಕ್ರೈಸ್ತ ಹಳ್ಳಿಗಳಿಂದ ಹುಡುಗರನ್ನು ಆಯ್ದು ರಾಜಸೇವೆಗೆ ತರಬೇತುಗೊಳಿಸುವ ಪದ್ಧತಿ ಉಸ್ಮಾನಿಯಾ ಸಾಮ್ರಾಜ್ಯದಲ್ಲಿತ್ತು. ಹೆತ್ತವರಿಂದ ಮಕ್ಕಳನ್ನು ಅಗಲಿಸುವ ಆ ಪದ್ಧತಿಯನ್ನು ಇಂದು ಯಾರೂ ಮೆಚ್ಚಲಾರರು. ಸಿನಾನ್ ಅದರ ಮೂಲಕವೇ ರಾಜಧಾನಿಗೆ ಬಂದರು, ಇಸ್ಲಾಮ್ ಸ್ವೀಕರಿಸಿದರು, ಬಡಗಿ ಕೆಲಸ ಕಲಿತರು, ಜಾನಿಸರಿ ಸೈನ್ಯ ಸೇರಿದರು.

ಅವರ ನಿಜವಾದ ಕಾಲೇಜು ಯುದ್ಧಭೂಮಿಯೇ ಆಗಿತ್ತು ಎನ್ನಬೇಕು. 1521ರಲ್ಲಿ ಬೆಲ್‌ಗ್ರೇಡ್, 1522ರಲ್ಲಿ ರೋಡ್ಸ್, 1526ರಲ್ಲಿ ಮೊಹಾಚ್, 1534ರಲ್ಲಿ ಬಗ್ದಾದ್ ಕಡೆಗಿನ ದಂಡಯಾತ್ರೆ. ಹೋದಲ್ಲೆಲ್ಲ ಹಳೆಯ ಕೋಟೆ, ಕಮಾನು, ಕಾಲುವೆಗಳನ್ನು ಕಾಣುವ ಅವಕಾಶ ಅವರಿಗೆ ದೊರೆಯಿತು. ವಾನ್ ಸರೋವರದ ದಡದಲ್ಲಿ ಸೈನ್ಯಕ್ಕಾಗಿ ಹಡಗುಗಳನ್ನು ಕಟ್ಟಿಕೊಟ್ಟರು. 1538ರ ಮೊಲ್ಡೇವಿಯಾ ದಂಡಯಾತ್ರೆಯಲ್ಲಿ ಪ್ರುತ್ ನದಿಗೆ ಸೇತುವೆ ಕಟ್ಟುವ ಪ್ರಯತ್ನಗಳು ಕೆಸರಿನಲ್ಲಿ ಕುಸಿದಾಗ ಆ ಕೆಲಸ ಸಿನಾನ್ ಅವರ ಪಾಲಿಗೆ ಬಂತು. ಕೆಲವೇ ದಿನಗಳಲ್ಲಿ ಮರದ ಸೇತುವೆ ಸಿದ್ಧವಾಗಿ ಇಡೀ ಸೈನ್ಯ ದಾಟಿತು. ಇದಾದ ಸ್ವಲ್ಪ ಕಾಲದಲ್ಲೇ ಅವರು ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ಆಗ ಅವರಿಗೆ ಸುಮಾರು 50 ವರ್ಷ. ಇಂದಿನ ಲೆಕ್ಕದಲ್ಲಿ ನಿವೃತ್ತಿಯ ಚಿಂತೆ ಶುರುವಾಗುವ ವಯಸ್ಸು!

ಮುಖ್ಯ ವಾಸ್ತುಶಿಲ್ಪಿ ಎಂದರೆ ನಕ್ಷೆ ಬರೆದುಕೊಡುವ ಕಲಾವಿದ ಮಾತ್ರ ಎಂದು ನೀವು ತಿಳಿಯಬಾರದು. ನಗರದ ಖಾಝಿ, ನಗರಾಧಿಕಾರಿ, ನೀರಿನ ಮೇಲ್ವಿಚಾರಕರ ಜೊತೆ ಸೇರಿ ಅವರು ಮಾಡುತ್ತಿದ್ದುದು ಇಂದಿನ ಮಹಾನಗರ ಪಾಲಿಕೆಯ ಕೆಲಸವನ್ನೇ. ಬೀದಿಯ ಮೇಲೆ ಚಾಚಿಕೊಂಡ ಸೂರು, ಬೆಂಕಿಗೆ ಸುಲಭವಾಗಿ ತುತ್ತಾಗುವ ಮರದ ಮನೆ, ನೀರಿನ ಕಾಲುವೆಗೆ ಅಂಟಿಕೊಂಡ ಕಟ್ಟಡ, ಕದ್ದು ಎಳೆದ ನೀರಿನ ಸಂಪರ್ಕ, ಇಂತಹವುಗಳ ವಿಚಾರಣೆಗೆ ಅರಮನೆಯಿಂದ ಆಜ್ಞೆಗಳು ಬರುತ್ತಿದ್ದವು. 1573ರಲ್ಲಿ ಹಳೆಯ ಆಯಾ ಸೋಫಿಯಾ ಕಟ್ಟಡದ ಗೋಡೆಗೆ ಒತ್ತಿಕೊಂಡು ಎದ್ದಿದ್ದ ಮನೆಗಳನ್ನು ತೆರವುಗೊಳಿಸಿ, ಗೋಡೆಗಳಿಗೆ ಆಸರೆ ಕಟ್ಟುವ ಕೆಲಸವೂ ಅವರಿಗೇ ಬಂತು. ಸಾವಿರ ವರ್ಷ ಹಳೆಯ, ಬೇರೆಯವರು ಕಟ್ಟಿದ ಕಟ್ಟಡದ ದುರಸ್ತಿ ಅದು. ತನ್ನದೇ ಹೆಸರಿನ ಹೊಸ ಕಟ್ಟಡಗಳು ಏಳುತ್ತಿದ್ದಾಗಲೂ ಅವರು ಅದನ್ನು ಶ್ರದ್ಧೆಯಿಂದ ಮಾಡಿದರು.

ಈಗ ನೀರಿನ ಕಥೆಗೆ ಬರೋಣ. ಲಕ್ಷಗಟ್ಟಲೆ ಜನರಿದ್ದ ಇಸ್ತಾಂಬುಲಿಗೆ ಕುಡಿಯುವ ನೀರು ಸಾಲುತ್ತಿರಲಿಲ್ಲ. ನಗರದ ಉತ್ತರದ ಕಾಡುಗಳಲ್ಲಿ ಹುಟ್ಟುವ ತೊರೆಗಳನ್ನು ತರಲು ರೋಮನರ ಕಾಲದ ಕಾಲುವೆಗಳ ಅವಶೇಷಗಳಿದ್ದವು. 1550ರ ದಶಕದಲ್ಲಿ ಸುಲ್ತಾನ್ ಸುಲೈಮಾನರ ಅಪ್ಪಣೆಯಂತೆ ಸಿನಾನ್ ಆ ಕಣಿವೆಗಳನ್ನು ಸುತ್ತಿದರು, ತೊರೆಗಳ ನೀರನ್ನು ಅಳೆದರು, ಮಟ್ಟ ನೋಡಿದರು. ನೀರು ತನ್ನ ಇಳಿಜಾರಿನಲ್ಲೇ ಹರಿದು ಬರಬೇಕಿತ್ತು, ಅಂದು ಪಂಪುಗಳಿರಲಿಲ್ಲ. ಯೋಜನೆಗೆ ವಿರೋಧವೂ ಇತ್ತು. ನೀರು ಹೇರಳವಾದರೆ ಹಳ್ಳಿಯ ಜನ ಹೊಲ ಬಿಟ್ಟು ನಗರಕ್ಕೆ ನುಗ್ಗುತ್ತಾರೆ ಎಂಬ ಆತಂಕ ಪ್ರಧಾನ ವಜೀರ ರುಸ್ತುಮ್ ಪಾಷಾಗಿತ್ತು ಎನ್ನಲಾಗುತ್ತದೆ. ಇಂದಿನ ನಗರ ಯೋಜಕರೂ ಈ ವಾದವನ್ನು ಕೇಳಿರುತ್ತಾರೆ. ಸುಲ್ತಾನರು ಅದಕ್ಕೆ ಮಣಿಯಲಿಲ್ಲ. ಕಿರ್ಕ್‌ಚೆಶ್ಮೆ ಎಂದು ಕರೆಯಲಾಗುವ ಈ ಜಾಲದ ಉದ್ದ ಸುಮಾರು 55 ಕಿ.ಮೀ. ಕಣಿವೆಗಳನ್ನು ದಾಟಿಸಲು ಕಟ್ಟಿದ ಮೇಲ್ಗಾಲುವೆಗಳೇ ಮೂವತ್ತಕ್ಕೂ ಹೆಚ್ಚು.

ಕೆಲಸ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ 1563ರ ಸೆಪ್ಟೆಂಬರ್ 20ರಂದು ಮಹಾ ಪ್ರವಾಹ. ಒಂದು ಹಗಲು ಒಂದು ರಾತ್ರಿ ಸುರಿದ ಮಳೆಗೆ ತೊರೆಗಳು ನದಿಗಳಾದವು. ಮರಗಳು ಬುಡಸಮೇತ ಕೊಚ್ಚಿ ಬಂದು ಕಮಾನುಗಳಿಗೆ ಅಡ್ಡಲಾದವು, ಹಿಂದೆ ನೀರು ಕಟ್ಟೆಯಂತೆ ನಿಂತಿತು. ವರ್ಷಗಟ್ಟಲೆ ಕಟ್ಟಿದ ಮೇಲ್ಗಾಲುವೆಗಳು ಉರುಳಿದವು. ನಗರದ ಪಶ್ಚಿಮಕ್ಕೆ ಹಲ್ಕಲಿ ಎಂಬಲ್ಲಿ ಬೇಟೆಗೆ ಹೋಗಿದ್ದ ಸುಲ್ತಾನರೇ ನೀರಿನಲ್ಲಿ ಸಿಲುಕಿದರಂತೆ. ಬಲಶಾಲಿಯಾದ ಸೇವಕನೊಬ್ಬ ಅವರನ್ನು ಎತ್ತಿ ಮೇಲೆ ಕೂರಿಸಿ ಕಾಪಾಡಿದನೆಂದು ಅಂದಿನ ಬರಹಗಳು ಹೇಳುತ್ತವೆ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಇಂತಹ ಅನಾಹುತದ ನಂತರ ಸಾಮಾನ್ಯವಾಗಿ ನಡೆಯುವುದೇನು? ಇದು ದೈವೇಚ್ಛೆ, ಇನ್ನು ನೂರು ವರ್ಷ ಇಂತಹ ಮಳೆ ಬರಲಾರದು ಎಂದು ಹೇಳಿ ಮೊದಲಿದ್ದಂತೆಯೇ ಕಟ್ಟಿ ಮುಗಿಸುವುದು. ಸಿನಾನ್ ಹಾಗೆ ಮಾಡಲಿಲ್ಲ. ಉರುಳಿದ ಮಗ್ಲೋವಾ ಮೇಲ್ಗಾಲುವೆಯನ್ನು ಅವರು ಮತ್ತೆ ಕಟ್ಟಿದ ರೀತಿಯನ್ನು ಇಂದಿಗೂ ಎಂಜಿನಿಯರುಗಳು ಅಧ್ಯಯನ ಮಾಡುತ್ತಾರೆ. 258 ಮೀಟರ್ ಉದ್ದ, 36 ಮೀಟರ್ ಎತ್ತರ, ಎರಡು ಅಂತಸ್ತು. ಗೋಡೆಯಂತೆ ನೀರಿಗೆ ಅಡ್ಡ ನಿಲ್ಲುವ ಬದಲು, ಪಿರಮಿಡ್ಡಿನಂತೆ ಬುಡ ಅಗಲ, ತಲೆ ಕಿರಿದಾದ ಕಂಬಗಳು. ನಡುವೆ ವಿಶಾಲವಾದ ಕಮಾನುಗಳು. ನೆರೆ ಬಂದರೆ ಹರಿದು ಹೋಗಲು ದಾರಿ ಬಿಟ್ಟೇ ಕಟ್ಟಿದ್ದು. ಕಂಬಗಳ ಒಳಗಿನಿಂದ ಆಳುಗಳು ಹಾದುಹೋಗಲು ದ್ವಾರಗಳನ್ನೂ ಇಟ್ಟರು. ಜಾಲವೆಲ್ಲ 1564ರ ಹೊತ್ತಿಗೆ ಮತ್ತೆ ಸಿದ್ಧವಾಯಿತು. ಇಪ್ಪತ್ತನೆಯ ಶತಮಾನದವರೆಗೂ ನಗರಕ್ಕೆ ನೀರು ಕೊಟ್ಟಿತು. ಮಗ್ಲೋವಾ ಈಗ ಅಲಿಬೇ ಅಣೆಕಟ್ಟಿನ ಹಿನ್ನೀರಿನಲ್ಲಿ ಕಾಲಿಟ್ಟುಕೊಂಡು ನಿಂತಿದೆ.

ಅದೇ ನೆರೆಯ ನಂತರದ ಇನ್ನೊಂದು ಕೆಲಸ ಬ್ಯೂಯುಕ್‌ಚೆಕ್ಮೆಜೆ ಸೇತುವೆ. ಇಸ್ತಾಂಬುಲಿನಿಂದ ಯುರೋಪಿಗೆ ಹೋಗುವ ಹೆದ್ದಾರಿ ಅಲ್ಲಿ ಮರ್ಮರಾ ಸಮುದ್ರದ ಹಿನ್ನೀರನ್ನು ದಾಟಬೇಕು. ಅಲ್ಲಿದ್ದ ಹಳೆಯ ಸೇತುವೆ ಹಾಳಾಗಿತ್ತು. ಸಿನಾನ್ ನೀರಿನೊಳಗೆ ಹಡಗಿನ ಒಡಲಿನಂತಹ ಮರದ ಪೆಟ್ಟಿಗೆಗಳನ್ನು ಇಳಿಸಿ, ಒಳಗಿನ ನೀರನ್ನು ಹೊರಗೆ ತೋಡಿಸಿ, ತಳಕ್ಕೆ ಮರದ ದಿಮ್ಮಿಗಳನ್ನು ಬಡಿಸಿ, ಮೇಲೆ ಕಲ್ಲು ಕೂರಿಸಿದರು. ಕಲ್ಲಿಗೆ ಕಲ್ಲು ಬೆಸೆಯಲು ಕಬ್ಬಿಣದ ಕೊಂಡಿಗಳು, ಕೊಂಡಿಯ ಸುತ್ತ ಕರಗಿದ ಸೀಸ. ಸೀಸವೇಕೆ ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಕಬ್ಬಿಣಕ್ಕೆ ನೀರು ತಗಲಿದರೆ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದರೆ ಕಲ್ಲು ಸೀಳುತ್ತದೆ. ಸೀಸ ಆ ನೀರನ್ನು ತಡೆಯುತ್ತದೆ. ಇಂದಿನ ಕಾಂಕ್ರೀಟ್ ಸೇತುವೆಗಳ ಮುಖ್ಯ ಕಾಯಿಲೆಯೂ ಒಳಗಿನ ಕಂಬಿಯ ತುಕ್ಕೇ.

ಸೇತುವೆಯ ಉದ್ದ 630 ಮೀಟರ್‌ಗೂ ಹೆಚ್ಚು, ಕಮಾನುಗಳು 28. ಅದನ್ನು ಒಂದೇ ಉದ್ದದ ಕಟ್ಟಡವಾಗಿ ಮಾಡದೆ, ನಡುವೆ ಕೃತಕ ದ್ವೀಪಗಳನ್ನು ನಿರ್ಮಿಸಿ ನಾಲ್ಕು ಸೇತುವೆಗಳ ಸರಪಳಿಯಾಗಿ ಜೋಡಿಸಿದರು. ಒಂದಕ್ಕೆ ಧಕ್ಕೆಯಾದರೆ ಉಳಿದವು ನಿಲ್ಲಲಿ ಎಂಬ ಎಚ್ಚರ ಇದರಲ್ಲಿ ಕಾಣುತ್ತದೆ ಎಂದು ನನಗನಿಸುತ್ತದೆ. ಕೆಲಸ ಆರಂಭಿಸಿದ ಸುಲ್ತಾನ್ ಸುಲೈಮಾನರು 1566ರಲ್ಲಿ ದಂಡಯಾತ್ರೆಯಲ್ಲೇ ನಿಧನರಾದರು. ಸೇತುವೆ ಮುಗಿದದ್ದು 1567ರಲ್ಲಿ, ಅವರ ಮಗ ಎರಡನೆಯ ಸಲೀಮರ ಕಾಲದಲ್ಲಿ. ನಮ್ಮ ನಾಡಿನ ಇತಿಹಾಸದೊಡನೆ ಹೊಂದಿಸಿ ನೋಡುವುದಾದರೆ, ತಾಳಿಕೋಟೆ ಯುದ್ಧ ನಡೆದು ಎರಡು ವರ್ಷವಾಗಿತ್ತು.

ಕಟ್ಟುವುದು ಒಂದು ಮಾತು, ಉಳಿಸುವುದು ಇನ್ನೊಂದು. ಇಲ್ಲಿ ವಕ್ಫ್ ವ್ಯವಸ್ಥೆಯನ್ನು ನೆನೆಯಲೇಬೇಕು. ಸೇತುವೆಯನ್ನೋ ನೀರಿನ ಕಾಲುವೆಯನ್ನೋ ಕಟ್ಟಿಸುವವರು ಅದರ ಜೊತೆಗೇ ಅಂಗಡಿ, ಹಮಾಮು, ಸರಾಯಿ, ಜಮೀನುಗಳನ್ನು ವಕ್ಫ್ ಮಾಡಿ, ಆ ಆದಾಯದಿಂದ ದುರಸ್ತಿಗಾರರ ಸಂಬಳ ನಡೆಯುವಂತೆ ದಾಖಲೆ ಬರೆಸುತ್ತಿದ್ದರು. ಇದಲ್ಲದೆ ಕೆಲವು ಕಡೆ ಸೇತುವೆಯ ಪಕ್ಕದ ಹಳ್ಳಿಗರಿಗೆ ಕೆಲವು ತೆರಿಗೆಗಳನ್ನು ಮನ್ನಾ ಮಾಡಿ, ಪ್ರತಿಯಾಗಿ ಸೇತುವೆಯ ಕಾವಲು ಮತ್ತು ಸಣ್ಣಪುಟ್ಟ ದುರಸ್ತಿಯನ್ನು ಅವರಿಗೆ ವಹಿಸಲಾಗುತ್ತಿತ್ತು. ಕಮಾನಿನ ಸಂದಿಯಲ್ಲಿ ಮೊಳೆತ ಗಿಡ ಕೀಳುವುದು, ಮಳೆನೀರು ಹೋಗುವ ತೂತು ಬಿಡಿಸುವುದು, ಬುಡದಲ್ಲಿ ಮಣ್ಣು ಕೊರೆದಿದೆಯೇ ನೋಡುವುದು: ಇವೆಲ್ಲ ಚಿಲ್ಲರೆ ಕೆಲಸಗಳು, ಆದರೆ ಕಲ್ಲಿನ ಸೇತುವೆಯ ಆಯುಷ್ಯ ಇವುಗಳ ಮೇಲೇ ನಿಂತಿದೆ. ಉದ್ಘಾಟನೆಗೆ ಹಣವಿದ್ದು ನಿರ್ವಹಣೆಗೆ ಹಣವಿಲ್ಲದ ಬಜೆಟ್‌ಗಳನ್ನು ಕಂಡ ನಮಗೆ, ಕಟ್ಟುವ ದಿನವೇ ದುರಸ್ತಿಯ ಹಣವನ್ನೂ ತೆಗೆದಿಡುವ ಈ ಕ್ರಮ ಬಹಳ ಮುಂದುವರಿದದ್ದಾಗಿ ಕಾಣುತ್ತದೆ. ಹಾಗೆಂದು ಅದು ದೋಷರಹಿತವಾಗಿರಲಿಲ್ಲ. ವಕ್ಫಿನ ಜಮೀನು ಕೈತಪ್ಪಿದರೆ, ಮೇಲ್ವಿಚಾರಕ ಪ್ರಾಮಾಣಿಕನಾಗಿರದಿದ್ದರೆ, ಸೇತುವೆಯೂ ಅನಾಥವಾಗುತ್ತಿತ್ತು.

ಬೋಸ್ನಿಯಾದ ವಿಶೆಗ್ರಾದಿನಲ್ಲಿ ದ್ರಿನಾ ನದಿಯ ಮೇಲೆ ಮೆಹ್ಮದ್ ಪಾಷಾ ಸೊಕೊಲೊವಿಚ್ ಅವರಿಗಾಗಿ ಸಿನಾನ್ ನಿರ್ಮಿಸಿದ ಸೇತುವೆಯನ್ನು ನೋಡಿ. 1570ರ ದಶಕದಲ್ಲಿ ಪೂರ್ಣಗೊಂಡ ಇದಕ್ಕೆ 11 ಕಮಾನುಗಳು, ಉದ್ದ ಸುಮಾರು 180 ಮೀಟರ್. 1896ರ ಮಹಾ ನೆರೆಯಲ್ಲಿ ನೀರು ಸೇತುವೆಯ ಮೇಲೆಯೇ ಹರಿಯಿತು, ಆದರೂ ಅದು ನಿಂತಿತು. ಮೊದಲ ಮಹಾಯುದ್ಧದಲ್ಲಿ ಮೂರು ಕಮಾನುಗಳು ನಾಶವಾದವು, ಎರಡನೆಯದರಲ್ಲಿ ಐದಕ್ಕೆ ಹಾನಿಯಾಯಿತು. ನೀರು ಮಾಡದ್ದನ್ನು ಮನುಷ್ಯರು ಮಾಡಿದರು. ಮತ್ತೆ ಕಟ್ಟಲಾಯಿತು, 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನದಿಯ ಮೇಲ್ಭಾಗ ಮತ್ತು ಕೆಳಭಾಗದ ವಿದ್ಯುತ್ ಅಣೆಕಟ್ಟುಗಳಿಂದಾಗಿ ನೀರಿನ ಮಟ್ಟ ಏರಿಳಿದು ಕಂಬಗಳ ಬುಡಕ್ಕೆ ಪೆಟ್ಟಾಗುತ್ತಿದೆ ಎಂಬುದು ನಂತರದ ಚಿಂತೆ. ಮಾಲಿನ್ಯವಿಲ್ಲದ ವಿದ್ಯುತ್ತೂ ಬೇಕು, ಸೇತುವೆಯೂ ಉಳಿಯಬೇಕು. ಇಂತಹ ಗಂಟುಗಳನ್ನು ಬಿಡಿಸುವುದೇ ಇಂದಿನ ಸ್ಥಳೀಯ ಆಡಳಿತಗಳ ಕಷ್ಟದ ಕೆಲಸ.

ಇಸ್ತಾಂಬುಲಿಗೇ ಮರಳೋಣ. 2009ರ ಸೆಪ್ಟೆಂಬರ್ 9ರಂದು ನಗರದ ಪಶ್ಚಿಮ ಭಾಗದಲ್ಲಿ ಅಯಮಾಮಾ ಹಳ್ಳ ಉಕ್ಕಿ ಹೆದ್ದಾರಿಯ ಲಾರಿಗಳನ್ನೂ ತೇಲಿಸಿಕೊಂಡು ಹೋಯಿತು. ಆ ನೆರೆಯಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. 1563ರಲ್ಲಿ ಸುಲ್ತಾನರು ಸಿಲುಕಿದ ಹಲ್ಕಲಿ ಅಲ್ಲಿಂದ ದೂರವಿಲ್ಲ, ತಿಂಗಳೂ ಅದೇ. ವ್ಯತ್ಯಾಸವೆಂದರೆ ಈ ನಡುವೆ ಹಳ್ಳದ ದಡದಲ್ಲೇ ಗೋದಾಮು, ಕಾರ್ಖಾನೆ, ರಸ್ತೆಗಳು ಎದ್ದಿದ್ದವು; ನೀರಿಗೆ ಬಿಟ್ಟ ದಾರಿ ಮುಚ್ಚಿಹೋಗಿತ್ತು. ಇಸ್ತಾಂಬುಲ್ ಮಹಾನಗರ ಪಾಲಿಕೆ 2018ರಲ್ಲಿ ಹವಾಮಾನ ಕ್ರಿಯಾ ಯೋಜನೆಯೊಂದನ್ನು ಪ್ರಕಟಿಸಿತು; 2021ರಲ್ಲಿ ಅದನ್ನು ಪರಿಷ್ಕರಿಸಿ, 2050ರ ಹೊತ್ತಿಗೆ ಇಂಗಾಲದ ಹೊರೆಯನ್ನು ಶೂನ್ಯಕ್ಕೆ ತರುವ ಗುರಿ ಇಟ್ಟುಕೊಂಡಿತು. ಗುರಿ ಒಳ್ಳೆಯದೇ. ಆದರೆ ಇಂಗಾಲ ಇಳಿಸುವ ಯೋಜನೆಯ ಪಕ್ಕದಲ್ಲೇ ಹಳ್ಳ, ಮೋರಿ, ಸೇತುವೆಗಳ ತಪಾಸಣೆಯ ಪುಸ್ತಕವೂ ಇರಬೇಕು ಎಂಬುದು 2009ರ ಆ ಬೆಳಗು ತೋರಿಸಿಕೊಟ್ಟ ಸತ್ಯ.

ಸಿನಾನ್ 1588ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಮೂವರು ಸುಲ್ತಾನರ ಕೈಕೆಳಗೆ ದುಡಿದಿದ್ದರು, ನೂರಾರು ಕಟ್ಟಡಗಳಿಗೆ ಹೊಣೆಯಾಗಿದ್ದರು. ಅವರ ಜೀವನವನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟವರು ಕವಿ ಮುಸ್ತಫಾ ಸಾಯಿ ಚೆಲೆಬಿ. ಸುಲೈಮಾನಿಯಾ ಮಸೀದಿಯ ಆವರಣದ ಹೊರಗೆ, ಎರಡು ಬೀದಿಗಳು ಕೂಡುವ ಮೂಲೆಯಲ್ಲಿ ಅವರ ಪುಟ್ಟ ಗೋರಿಯಿದೆ. ಅದರ ಮುಂಭಾಗದಲ್ಲಿ ದಾರಿಹೋಕರಿಗೆ ಕುಡಿಯುವ ನೀರು ಹಂಚಲು ಕಟ್ಟಿದ ಕಟ್ಟೆಯಿದೆ. ಗೋರಿಯ ಮೇಲಿನ ಶಾಸನವನ್ನು ರಚಿಸಿದವರೂ ಅದೇ ಸಾಯಿ. ಅದರಲ್ಲಿ ಸಲೀಮಿಯಾದ ಹೆಸರಿಲ್ಲ. ಹೆಸರಿಟ್ಟು ಹೇಳಿರುವುದು ಚೆಕ್ಮೆಜೆಯ ಸೇತುವೆಯನ್ನು. ಆ ಸೇತುವೆ ಇಂದಿಗೂ ಇದೆ. ವಾಹನಗಳು ಪಕ್ಕದ ಹೊಸ ರಸ್ತೆಯಲ್ಲಿ ಓಡುತ್ತವೆ, ಇದರ ಮೇಲೆ ಜನ ನಡೆದುಕೊಂಡು ಹೋಗುತ್ತಾರೆ.