ಮಾಳವೀಯರ ಜೋಳಿಗೆಗೆ ಮೈಸೂರಿನ ಕಾಣಿಕೆ
ಮೈಸೂರು: ಚಂದಾ ಎತ್ತೋದು ಅಂದ್ರೆ ನಮ್ಮ ಸಂಘಸಂಸ್ಥೆಗಳಿಗೆ ಇವತ್ತಿಗೂ ತಲೆನೋವೇ. ಮದನ ಮೋಹನ ಮಾಳವೀಯರು (1861-1946) ಚೆನ್ನಾಗಿ ನಡೀತಿದ್ದ ವಕೀಲಿಕೆ ಬಿಟ್ಟು, ಕಾಶಿಯಲ್ಲೊಂದು ವಿಶ್ವವಿದ್ಯಾಲಯ ಕಟ್ಟಲು ಊರೂರು ಅಲೆದು ಹಣ ಕೇಳಿದರು.

ಆನಿ ಬೆಸೆಂಟ್ ಅವರಿಗೂ ದರ್ಭಾಂಗದ ಮಹಾರಾಜರಿಗೂ ತಮ್ಮದೇ ಬೇರೆ ಯೋಜನೆಗಳಿದ್ದವು. ಮೂವರೂ ಅದೇ ದಾನಿಗಳ ಬಾಗಿಲು ತಟ್ಟಿದ್ದರೆ ಯಾವುದೂ ಏಳುತ್ತಿರಲಿಲ್ಲವೇನೋ! ಮಾಳವೀಯರು ಇಬ್ಬರನ್ನೂ ಜೊತೆಗೆ ಸೇರಿಸಿಕೊಂಡರು. ಬೆಸೆಂಟರ ಸೆಂಟ್ರಲ್ ಹಿಂದೂ ಕಾಲೇಜೇ ಹೊಸ ಸಂಸ್ಥೆಗೆ ಬುನಾದಿಯಾಯಿತು. ಮೊದಲು ದುಡ್ಡು ಕೂಡಿಸಿ ಅನ್ನೋದು ಸರ್ಕಾರದ ಷರತ್ತು. 1915ರಲ್ಲಿ ಕಾಯ್ದೆ ಬಂತು, 1916ರ ಫೆಬ್ರವರಿ 4ರಂದು ಶಂಕುಸ್ಥಾಪನೆ.

ದಾನಿಗಳಿಗೆ ರಸೀದಿ ಹರಿದುಕೊಟ್ಟು ಮರೆಯಲಿಲ್ಲ. ದೇಣಿಗೆ ಕೊಟ್ಟಿದ್ದ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೇ ಮೊದಲ ಚಾನ್ಸಲರ್ ಆದರು. 1919ರಲ್ಲಿ ತಾವೇ ಕುಲಪತಿಯಾದ ಮೇಲೂ ಮಾಳವೀಯರು ಜೋಳಿಗೆ ಕೆಳಗಿಡಲಿಲ್ಲ.